ಪದ್ಮವ್ವನ ಪಾರ್ಸಲ್

ಪಾರ್ಸಲ್ ಹೇಳಲು ಹೋದವರ ಮುಖವನ್ನು ಪದ್ಮವ್ವ ನೋಡುತ್ತಿರಲಿಲ್ಲ, ಪಾದ ನೋಡುತ್ತಿದ್ದಳು. ಬಾವು ಕಂಡರೆ ಮುಗಿಯಿತು. ನೀವು ಪೂರಿ-ಭಾಜಿ ಕೇಳಿದರೂ ಡಬ್ಬಿಯಲ್ಲಿ ಬರುವುದು ಜೋಳದ ರೊಟ್ಟಿ, ಮಡಕಿಕಾಳು, ಮೆಂತ್ಯೆ ಸೊಪ್ಪು.

ಚಿಕ್ಕೋಡಿ ಬಸ್‌ಸ್ಟ್ಯಾಂಡಿನ ಹಿಂದೆ ಆಕೆಯ ಖಾನಾವಳಿ. ಎಂಬತ್ತರ ದಶಕದ ಕೊನೆಗೆ ನಾನು ಗಣಿತದ ಮಾಸ್ತರನಾಗಿ ಆ ಊರಿಗೆ ಬಂದೆ. ಡ್ರಾಯಿಂಗ್ ಮಾಸ್ತರ ಶಂಕರಪ್ಪನೂ ನಾನೂ ಒಂದೇ ಖೋಲಿಯಲ್ಲಿದ್ದೆವು. ಪಾರ್ಸಲ್ ತರುವ ಕೆಲಸ ನನ್ನದು. ಜೈನರ ಖಾನಾವಳಿ, ರಾತ್ರಿ ಊಟವಿಲ್ಲ, ಹೊತ್ತು ಮುಳುಗುವುದರೊಳಗೆ ಹೋಗಬೇಕು.

ಒಮ್ಮೆ, ನನ್ನ ಪಾದವೂ ಬಾತಿದ್ದಾಗ, ಎಣ್ಣೆಯಲ್ಲಿ ಕರಿದ ಭಜಿಯೇ ಬೇಕೆಂದು ಹಟ ಹಿಡಿದೆ.

"ಹೊಟ್ಟಿ ನಿಂದು ಖರೇ ಮಾಸ್ತರ, ಡಬ್ಬಿ ತುಂಬೂ ಕೈ ನಂದೈತಿ" ಎಂದು ಪದ್ಮವ್ವ ಎರಡು ಸವತಿಕಾಯಿ ತುರುಕಿದಳು. ಬೈಯುತ್ತಲೇ ತಿಂದೆ. ಆರು ತಿಂಗಳಿಗೆ, ಶಾಲೆಯ ಮೆಟ್ಟಿಲು ಹತ್ತುವಾಗ ಬರುತ್ತಿದ್ದ ಏದುಸಿರು ನಿಂತುಹೋಯಿತು.

ಶಂಕರಪ್ಪನಿಗೆ ಸಕ್ಕರೆ ಕಾಯಿಲೆ, ಆದರೆ ಶ್ರೀಖಂಡವೆಂದರೆ ಪ್ರಾಣ. ಪದ್ಮವ್ವ ಕೊಡಲೊಲ್ಲಳು. "ಸಿಟ್ಟಾದ್ರ ಆಗಲಿ, ಜೀಂವ ಇರಲಿ ಅಂತ ಹೇಳು" ಎನ್ನುವಳು.

"ಇಂಥಾ ಸಪ್ಪನ ಕೂಳು ತಿಂದು ಎಷ್ಟು ದಿನಾ ಬದುಕಲೋ? ಎದುರಿನ ಹೋಟೆಲಿಂದ ತಾರೋ" ಎಂದು ಶಂಕರಪ್ಪ ನನ್ನನ್ನು ಅಂಗಲಾಚಿದ. ಹೆಂಡತಿ ಸತ್ತ ಒಂಟಿ ಮನುಷ್ಯ, ಪಾಪವೆನಿಸಿ ತಂದೆ. ಆಮೇಲೆ ವರ್ಷವಿಡೀ ತಂದೆ. ಅವನ ಅಂಗಾಲಿಗೆ ಆದ ಗಾಯ ಮಾಯಲಿಲ್ಲ. ಮಿರಜದ ದವಾಖಾನೆಯಲ್ಲಿ ಕಾಲು ಕತ್ತರಿಸಿದರು. ವಾರದೊಳಗೆ ತೀರಿಕೊಂಡ.

ಪದ್ಮವ್ವನ ಮುಂದೆ ಹೋಗಿ ನಿಂತೆ. "ನಾನ ತಂದುಕೊಟ್ಟೆನವ್ವಾ."

ಆಕೆ ಹೊಸ್ತಿಲ ಮೇಲೆ ಕುಳಿತಳು. "ನನ್ನ ಗಂಡಗೂ ಹಿಂಗ ಆತು. ಬ್ಯಾನಿ ಗೊತ್ತಿದ್ದೂ ಕೇಳಿದಾಗೊಮ್ಮೆ ಬಾಸುಂದಿ ಮಾಡಿಕೊಟ್ಟಾಕಿ ನಾನು. ಪ್ರೀತೀಲೇ ಕೊಡ್ತಿದ್ದೆ."

ಇಷ್ಟು ಅಂದು ಎದ್ದು, ಎಂದಿನಂತೆ ನನ್ನ ಡಬ್ಬಿಗೆ ರೊಟ್ಟಿ ತುಂಬಿದಳು.

ತೊಂಬತ್ತರ ನಂತರ ಬಸ್‌ಸ್ಟ್ಯಾಂಡಿನ ಸುತ್ತ ಹೊಸ ಹೋಟೆಲುಗಳು ಎದ್ದವು. ಪದ್ಮವ್ವನದು "ದವಾಖಾನಿ ಊಟ" ಎಂದು ಜನ ನಕ್ಕರು. ಗಿರಾಕಿಗಳು ಒಬ್ಬೊಬ್ಬರಾಗಿ ಕರಗಿ, ಕಡೆಗೆ ನಾನೊಬ್ಬನೇ ಉಳಿದೆ. ಪದ್ಮವ್ವ ಬಾಗಿಲು ಹಾಕಿ, ಕಾಗವಾಡದಲ್ಲಿದ್ದ ಒಬ್ಬಳೇ ಮಗಳ ಮನೆಗೆ ಹೋದಳು.

ಕೆಲವು ವರ್ಷದ ಮೇಲೆ ಅಲ್ಲಿಗೆ ಹೋಗಿ ಆಕೆಯನ್ನು ನೋಡಿದ್ದೇ ಕೊನೆ. ಪದ್ಮವ್ವ ಗೋಡೆಗೊರಗಿ ಕುಳಿತಿದ್ದಳು. ನಲವತ್ತು ದಾಟದ ಮಗಳಿಗೂ ಸಕ್ಕರೆ ಬಂದಿತ್ತು. ಅಳಿಯ ಪ್ಲಾಸ್ಟಿಕ್ ಚೀಲಗಳಲ್ಲಿ ಪಾರ್ಸಲ್ ತಂದ: ಪೂರಿ, ಎಣ್ಣೆ ತೇಲುವ ಪಲ್ಯ, ಜಿಲೇಬಿ. ಮಗಳು ತಟ್ಟೆ ತರಲು ಒಳಗೆ ಹೋದಾಗ ಮೆಲ್ಲಗೆ ಕೇಳಿದೆ, "ಯಾಕವ್ವಾ, ಹೇಳೂದಿಲ್ಲೇನು?"

"ಹೇಳಿದ್ನೆಪಾ. ತಿಂಗಳಾನಗಟ್ಟಲೆ ನನ್ನ ಸಂಗಾಟ ಮಾತು ಬಿಟ್ಲು. ಇರೂದು ಒಬ್ಬಾಕಿ. ಮಾತಾದ್ರೂ ಇರಲಿ ಅಂತ ಸುಮ್ನಾಗೇನಿ."

ಮಗಳು ತಾನು ಜಿಲೇಬಿ ಬಡಿಸಿಕೊಂಡು, ನನ್ನ ತಟ್ಟೆಗೂ ಎರಡು ಹಾಕಿದಳು. ಬೇಡ ಅನ್ನುತ್ತಾಳೇನೋ ಎಂದು ಪದ್ಮವ್ವನ ಕಡೆ ನೋಡಿದೆ.

ಅನ್ನಲಿಲ್ಲ.