ಇಪ್ಪತ್ತನಾಲ್ಕು ಅಡಿ

ಅಟ್ಲಾಂಟಾ ಪಕ್ಕದ ಡುಲುತ್‌ನಲ್ಲಿರುವ ಸಿದ್ದೇಶ್ವರಿ ಬಾಗಲಕೋಟೆ ಕಡೆಯ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವಳು. ಡಾಕ್ಟರ್ ಗಂಡನ ಜೊತೆ ಅಮೆರಿಕಕ್ಕೆ ಬಂದ ಮೇಲೆ ಹನ್ನೊಂದು ವರ್ಷ ಅವಳ ಗಣಿತ ಯಾರಿಗೂ ಬೇಕಾಗಲಿಲ್ಲ. 2023ರಲ್ಲಿ ಅಟ್ಲಾಂಟಾದ ಒಂದು ಸಂಶೋಧನಾ ತಂಡಕ್ಕೆ ಕನ್ನಡ ಅಂಕಿ ಓದಬಲ್ಲವರು ಬೇಕಾದರು. ಧಾರವಾಡದ ಎಂಜಿನಿಯರರ ಜೊತೆ ಸೇರಿ ಘಟಪ್ರಭಾ ನದಿಯ ನೆರೆ, ಬರ ಎರಡನ್ನೂ ಅಭ್ಯಾಸ ಮಾಡುತ್ತಿದ್ದ ತಂಡ ಅದು. ದಂಡೆಯ ಒಂದು ಊರಿನಲ್ಲಿ ಅರವತ್ತು ವರ್ಷ ನೀರಿನ ಮಟ್ಟ ಬರೆದಿಟ್ಟ ರಿಜಿಸ್ಟರುಗಳನ್ನು ಕಂಪ್ಯೂಟರ್ ಓದುತ್ತಿತ್ತು. ಪ್ರತಿ ಪುಟ ತಾಳೆ ನೋಡಿ ರುಜು ಹಾಕುವುದು ಇವಳ ಕೆಲಸ.

ಇವಳು ಪ್ರತಿ ಪುಟ ನೋಡಲಿಲ್ಲ. ಕಂಪ್ಯೂಟರ್ ಕೆಂಪು ಗುರುತು ಹಾಕಿದ್ದನ್ನಷ್ಟೇ ನೋಡಿ ಮುನ್ನೂರು ಪುಟಕ್ಕೆ ರುಜು ಹಾಕಿದಳು. ಇದಕ್ಕೆ ಸೋಮಾರಿತನ ಎಂದೇ ಹೆಸರು.

ಆ ಊರಿನ ಎಚ್ಚರಿಕೆಯ ಸೈರನ್ ಎಷ್ಟು ಅಡಿಗೆ ಕೂಗಬೇಕೆಂದು ತೀರ್ಮಾನಿಸುವ ಸಭೆಯ ಹಿಂದಿನ ದಿನ ರಿಜಿಸ್ಟರುಗಳಿಂದ ಕಂಪ್ಯೂಟರ್ ತಯಾರಿಸಿದ ಪಟ್ಟಿಯಲ್ಲಿ ಅವಳಿಗೊಂದು ವಿಚಿತ್ರ ಕಂಡಿತು. ಅಗಸಿಗೆ, ಅಂದರೆ ಊರ ಬಾಗಿಲಿಗೆ, ನೀರು ಬಂದದ್ದು 28 ಅಡಿಗೆ. ದಿಬ್ಬದ ಮೇಲಿನ ಶಾಲೆಗೆ 27ಕ್ಕೆ. ಬಾಗಿಲು ದಾಟದೆ ನೀರು ದಿಬ್ಬ ಹತ್ತುವುದುಂಟೆ? ಮೂಲ ಪುಟ ತೆಗೆದಳು. ಅಲ್ಲಿದ್ದದ್ದು ೨೪. ಕಂಪ್ಯೂಟರ್ ೪ನ್ನು 8 ಎಂದು ಓದಿತ್ತು, ಒಂದು ಕಡೆಯಲ್ಲ, ಉದ್ದಕ್ಕೂ. ಅಗಸಿಯ 28ಕ್ಕಿಂತ ಎರಡಡಿ ಮೊದಲೇ ಕೂಗಲೆಂದು ಸೈರನ್ನಿಗೆ ಸೂಚಿಸಿದ್ದ ಮಟ್ಟ ಇಪ್ಪತ್ತಾರು. ಅದು ಕೂಗುವ ಹೊತ್ತಿಗೆ ಅಗಸಿಯ ಮನೆಗಳಲ್ಲಿ ಎರಡಡಿ ನೀರು.

ಹೇಳಿದರೆ ಕೆಲಸ ಹೋಗಬಹುದು. ತಂಡದ ಮುಖ್ಯಸ್ಥ, ಮೈಸೂರಿನ ಧೀರಜ್‌ನ ಕೋಣೆಗೆ ನೇರವಾಗಿ ಹೋಗಿ, ಮೂಲ ಪುಟ ಮುಂದಿಟ್ಟು ಪಟ್ಟಿ ತಿದ್ದಬೇಕೆಂದಳು.

"ಆಂಟಿ, ಡೇಟಾ ಫ್ರೀಜ್ ಮಾಡಿ ಆಯ್ತಲ್ಲ, ಇನ್ನು ತಿದ್ದೋ ಹಾಗಿಲ್ಲ! ನಾಳೆ ಮೀಟಿಂಗ್."

"ಹೊಳಿ ಫ್ರೀಜ್ ಆಗಿಲ್ಲಪಾ. ತಪ್ಪು ನಂದು. ನೋಡಲಾರದ ಸೈನ್ ಮಾಡೀನಿ."

ಅವನು ಪುಟವನ್ನು ದಿಟ್ಟಿಸಿದ. "ಇದು ಎಂಟಲ್ವಾ?"

"ನಿಮ್ಮ ಮೈಸೂರಾಗ ಕನ್ನಡ ಅಂಕಿ ಕಲಿಸ್ತಾರೋ ಇಲ್ಲೋ?"

"ನಾನು ಕಾನ್ವೆಂಟ್, ಆಂಟಿ."

"ಈ ಕಂಪ್ಯೂಟರೂ ಅದ ಸಾಲಿಗೇ ಹೋಗಿರಬೇಕು."

ಮರುದಿನದ ಸಭೆಯಲ್ಲಿ ಎಲ್ಲರ ಮುಂದೆ ತನ್ನ ತಪ್ಪನ್ನು ಹೇಳಿದಳು. ಪರದೆಯಲ್ಲಿದ್ದ ಧಾರವಾಡದ ಎಂಜಿನಿಯರ್ ಕರಬಸಪ್ಪ ತಲೆ ಕೆರೆದುಕೊಂಡ. "ಅಕ್ಕಾರ, ನೀವೊಬ್ಬರ ಅಲ್ರಿ. ನಾವೂ ಪಟ್ಟಿ ನೋಡಿ ಹೂಂ ಅಂದೇವಿ. ದಿನಾ ಹೊಳಿ ನೋಡಾವ್ರಿಗೇ ಹೊಳೀಲಿಲ್ಲ ನೋಡ್ರಿ!"

ತೀರ್ಮಾನ ಆರು ವಾರ ಮುಂದೆ ಹೋಯಿತು. ಅವಳನ್ನು ಯಾರೂ ತೆಗೆಯಲಿಲ್ಲ, ತೆಗೆದರೆ ಇಲ್ಲಿ ಓದುವವರಾರು? ಧಾರವಾಡದಲ್ಲಿ ಇಬ್ಬರು, ಇಲ್ಲಿ ಇವಳು, ಎಲ್ಲ ಪುಟಗಳನ್ನೂ ಮೊದಲಿನಿಂದ ಓದಿದರು. ಸೈರನ್ ಇಪ್ಪತ್ತೆರಡು ಅಡಿಗೆ ನಿಂತಿತು. ಮರುವರ್ಷದ ಮಳೆಗಾಲದಲ್ಲಿ ಅದು ಕೂಗಿದ ಮೂರು ಗಂಟೆಯ ನಂತರ ಹೊಳೆ ಅಗಸಿಗೆ ಬಂತು. ಅಷ್ಟರಲ್ಲಿ ಜನ ದನಕರು ಹೊಡೆದುಕೊಂಡು ದಿಬ್ಬ ಹತ್ತಿದ್ದರು.