ನಮ್ಮೂರಿನ ಸಿಸ್ಟರ್ ಮತ್ತು ನನ್ನ ದಮ್ಮು

ಸಿಸ್ಟರ್ ಅವರ ಬಲಗೈ ಹೆಬ್ಬೆರಳ ತುದಿ ದಡ್ಡುಗಟ್ಟಿತ್ತು. ಗಾಜಿನ ಸಿರಿಂಜು ಒತ್ತಿ ಒತ್ತಿ ಆದದ್ದು. ದಮ್ಮಿನ ಇಂಜೆಕ್ಷನನ್ನು ರಕ್ತನಾಳಕ್ಕೆ ತೀರಾ ನಿಧಾನವಾಗಿ ಕೊಡಬೇಕು. ಆ ಹೆಬ್ಬೆರಳು ಕದಲಿದ್ದೇ ಕಾಣುತ್ತಿರಲಿಲ್ಲ. ನಾನು ಉಸಿರಿಗಾಗಿ ಒದ್ದಾಡುವಾಗ ಅವರು ಹೇಳುತ್ತಿದ್ದದ್ದು ಇಷ್ಟೇ: "ಹೊರಗೆ ಬಿಡು ಮೋನೆ. ಒಳಗೆ ಅದರಷ್ಟಕ್ಕೆ ಬರ್ತದೆ."

ಅವರು ಕೇರಳದವರು; ಅವರ ಮಲಯಾಳದಲ್ಲಿ ಮೋನೆ ಎಂದರೆ ಮಗನೇ. ನಮ್ಮೂರು ಆಲಂಕಾರಿನ ಸರಕಾರಿ ಆಸ್ಪತ್ರೆಗೆ ನರ್ಸಾಗಿ ಬಂದು, ತುಳುವನ್ನೂ ಕನ್ನಡವನ್ನೂ ರೋಗಿಗಳಿಂದಲೇ ಕಲಿತವರು. ಡಾಕ್ಟರು ವಾರಕ್ಕೆ ಎರಡೇ ದಿನ ಬರುತ್ತಿದ್ದರು. ಉಳಿದ ದಿನ ಅವರು ಬರೆದಿಟ್ಟ ಹಾಗೆ ಸಿಸ್ಟರೇ ನೋಡಿಕೊಳ್ಳಬೇಕು. ಯಾರ ಮನೆಯಿಂದಲೂ ಏನನ್ನೂ ತೆಗೆದುಕೊಳ್ಳುತ್ತಿರಲಿಲ್ಲ, ನನ್ನ ಅಮ್ಮ ಕೊಡುತ್ತಿದ್ದ ಕರಿಬೇವಿನ ಒಂದು ಗೆಲ್ಲು ಬಿಟ್ಟರೆ.

ಎಪ್ಪತ್ತರ ದಶಕದ ಕೊನೆಗೆ ನಾನು ಪಿಯುಸಿ ಓದಲು ಪುತ್ತೂರಿಗೆ ಹೋದೆ. ಆಗ ಹದಿನಾರು ವರ್ಷ. ಓಡಿದರೆ ಎದೆ ಸಿಳ್ಳೆ ಹಾಕುತ್ತಿದ್ದ ನನ್ನನ್ನು ಅದುವರೆಗೆ ಯಾರೂ ಆಟಕ್ಕೆ ಸೇರಿಸಿಕೊಂಡಿರಲಿಲ್ಲ. ರೂಮಿನ ಗೆಳೆಯರು ಸಿಗರೇಟು ನೀಡಿದಾಗ, ನಾನೂ ಎಲ್ಲರ ಹಾಗೆ ಆದೆ ಅನ್ನಿಸಿತು. ಕೆಮ್ಮಿದೆ, ಆದರೂ ಬಿಡಲಿಲ್ಲ. ಯಾವಾಗಲೋ ಒಮ್ಮೆ ಬರುತ್ತಿದ್ದ ದಮ್ಮು ವರ್ಷ ಕಳೆಯುವಷ್ಟರಲ್ಲಿ ವಾರ ವಾರವೂ ಬರತೊಡಗಿತು. ಯಾಕೆ ಹೀಗೆ ಎಂದು ಅಮ್ಮ ಕೇಳಿದಾಗ, ಒಲೆಯ ಹೊಗೆ ನನಗೆ ಆಗುವುದಿಲ್ಲ ಎಂದುಬಿಟ್ಟೆ. ಮುಂದಿನ ವಾರ ಮನೆಗೆ ಬರುವಾಗ ಒಲೆ ಅಂಗಳದಾಚೆ, ತೆಂಗಿನ ಮಡಲು ಹೊದಿಸಿದ ಮಾಡಿನ ಕೆಳಗೆ ಹೋಗಿತ್ತು. ಆ ಮಳೆಗಾಲದಲ್ಲಿ ಅಮ್ಮ ಒದ್ದೆ ಕಟ್ಟಿಗೆ ಊದುತ್ತ ಅಲ್ಲೇ ಅಡುಗೆ ಮಾಡಿದಳು. ನಾನು ಉಂಡೆ.

ಒಂದು ಭಾನುವಾರ ಬೆಳಿಗ್ಗೆ ಉಸಿರು ಕಟ್ಟಿದಾಗ ಅಪ್ಪ ತೋಳು ಹಿಡಿದು ನಡೆಸಿಕೊಂಡು ಸಿಸ್ಟರ್ ಹತ್ತಿರ ಕರೆದೊಯ್ದರು. ಇಂಜೆಕ್ಷನ್ ಮುಗಿದು ಉಸಿರು ಸರಿಯಾದ ಮೇಲೆ ಸಿಸ್ಟರ್ ನನ್ನ ಬೆರಳುಗಳನ್ನು ಎತ್ತಿ ಮೂಸಿದರು. ಅಪ್ಪ ಹೊರಗೆ ಜಗಲಿಯಲ್ಲಿದ್ದರು.

"ಎಷ್ಟು ಸಮಯ ಆಯ್ತು?"

ಒಂದು ವರ್ಷ ಎಂದೆ. ಅವರು ಎದ್ದು ಬಾಗಿಲು ಓರೆ ಮಾಡಿ ಬಂದು ಕೂತರು. ಆ ವಾರ ನಮ್ಮ ಮನೆಗೆ ಹೋಗಿದ್ದರಂತೆ. ಅಮ್ಮ ಕೆಸರಿನಲ್ಲಿ ಜಾರಿ, ಕುದಿಯುವ ಗಂಜಿ ಕೈಮೇಲೆ ಚೆಲ್ಲಿಕೊಂಡಿದ್ದಳಂತೆ. ಮದ್ದು ಹಚ್ಚಲು ಹೋದದ್ದು. ಹಿಂದಿನ ದಿನವೇ ಮನೆಗೆ ಬಂದಿದ್ದ ನಾನು, ಅಮ್ಮ ಸೆರಗಿನೊಳಗೆ ಮುಚ್ಚಿಕೊಂಡಿದ್ದ ಆ ಕೈಯನ್ನು ಗಮನಿಸಿಯೇ ಇರಲಿಲ್ಲ.

"ನಾನು ನಿನ್ನ ಅಪ್ಪನಿಗೆ ಹೇಳುದಿಲ್ಲ, ಅಮ್ಮನಿಗೂ ಹೇಳುದಿಲ್ಲ. ನೀನು ಹೇಳ್ಬೇಕು. ಇವತ್ತೇ."

ಸಿಗರೇಟು ಬಿಡಲಿಕ್ಕೆ ಏನಾದರೂ ಮದ್ದು ಉಂಟಾ ಎಂದು ಕೇಳಿದೆ. "ಅದಕ್ಕೆ ನನ್ನ ಹತ್ರ ಸೂಜಿ ಇಲ್ಲ" ಎಂದರು.

ಮಧ್ಯಾಹ್ನ ಅಮ್ಮ ಅನ್ನ ಬಸಿಯುತ್ತಿದ್ದಾಗ ಹೇಳಿದೆ. ಬೈಯಲಿಲ್ಲ, ಅಳಲೂ ಇಲ್ಲ. ಬಸಿದು ಮುಗಿಸಿ, "ಹಾಗಾದ್ರೆ ಒಲೆ ಒಳಗೆ ತರ್ಬಹುದಾ?" ಎಂದು ಮಾತ್ರ ಕೇಳಿದಳು.

ಎರಡು ದಿನ ಬಿಟ್ಟು ಸಿಸ್ಟರ್ ಮನೆಗೆ ಬಂದರು. ಒಲೆಯ ಹೊಗೆಯೂ ಯಾರಿಗೂ ಒಳ್ಳೆಯದಲ್ಲ ಎಂದು ಅಪ್ಪನಿಗೆ ಹೇಳಿ, ಅಡುಗೆಮನೆಯ ಗೋಡೆ ಒಡೆಸಿ ದೊಡ್ಡ ಕಿಟಕಿ ಇಡಿಸಿದರು. ನನ್ನ ವಿಷಯ ಎತ್ತಲಿಲ್ಲ.

ಸಿಗರೇಟು ಒಮ್ಮೆಗೇ ಬಿಟ್ಟುಹೋಗಲಿಲ್ಲ. ಎರಡು ಸಲ ಮತ್ತೆ ಹಿಡಿದೆ. ಎರಡು ಸಲವೂ ಹೋಗಿ ಸಿಸ್ಟರ್ ಎದುರು ಒಪ್ಪಿಕೊಂಡೆ. ಅವರು ಬೆಂಚು ತೋರಿಸಿ, ರೋಗಿಗಳೆಲ್ಲ ಹೋಗುವ ತನಕ ಕೂರಿಸಿ, ಹಾಲು ಹಾಕದ ಚಾ ಕೊಟ್ಟು ಕಳಿಸಿದರು. ಮೂರನೆಯ ಸಲ ಹೋಗಬೇಕಾಗಲಿಲ್ಲ. ದಮ್ಮು ಪೂರ್ತಿ ಹೋಗಲಿಲ್ಲ, ಆದರೆ ವರ್ಷಕ್ಕೆ ಒಂದೆರಡು ಸಲಕ್ಕೆ ಇಳಿಯಿತು.

ಮುಂದೆ ಅವರಿಗೆ ಸುಳ್ಯದ ಕಡೆಗೆ ವರ್ಗವಾಯಿತು. ಅಲ್ಲಿಂದಲೇ ನಿವೃತ್ತರಾಗಿ ಕೇರಳದ ತಮ್ಮ ಊರಿಗೆ ಹೋದರು. ಎಂಬತ್ತರ ದಶಕ ಮುಗಿಯುವ ಮೊದಲೇ, ಸಿಸ್ಟರ್ ತೀರಿಕೊಂಡರೆಂದು ಅವರ ತಂಗಿಯ ಮಗಳ ಕಾರ್ಡು ಬಂತು. ಅಮ್ಮನಿಗೆ ನಾನೇ ಹೇಳಿದೆ.

ಅಮ್ಮ ಆಗ ಒಂದು ಮಾತು ಹೇಳಿದಳು. "ಕೈ ಸುಟ್ಟ ದಿನವೇ ಅವರು ಹೇಳಿದ್ರು, ಒಲೆ ಹೊರಗೆ ಹೋದ್ರೂ ದಮ್ಮು ಕಮ್ಮಿ ಆಗ್ಲಿಲ್ಲ ಅಲ್ವಾ, ಹುಡುಗನ ಹತ್ರ ಇನ್ನೊಮ್ಮೆ ಕೇಳಿ ಅಂತ. ನನಗೆ ಸಿಟ್ಟು ಬಂತು. ನನ್ನ ಮಗ ಸುಳ್ಳು ಹೇಳುವವನಲ್ಲ ಅಂದೆ."

ಆ ಭಾನುವಾರ ಬಾಗಿಲು ಓರೆ ಮಾಡಿ ನನ್ನೆದುರು ಕೂತಾಗ ಸಿಸ್ಟರಿಗೆ ಈ ಮಾತು ಗೊತ್ತಿತ್ತು. ಸುಟ್ಟ ಕೈಯ ವಿಷಯ ಹೇಳಿದರು; ಇದನ್ನು ಹೇಳಲಿಲ್ಲ. ಆಮೇಲೆ ಅಷ್ಟು ವರ್ಷಗಳಲ್ಲಿ ಒಮ್ಮೆಯೂ ಹೇಳಲಿಲ್ಲ. ಹದಿನೇಳರ ಹುಡುಗ ಅದನ್ನು ತಾಳಿಕೊಳ್ಳಲಾರ ಎಂದು ಅವರಿಗೆ ಅನ್ನಿಸಿರಬೇಕು.