ಹಕ್ಕಿಗಾಗಿ ಹಾಕಿದ ಬೇಲಿ

ಮಕ್ಕಳೇ, ನಿಮ್ಮ ಪುಸ್ತಕದಲ್ಲಿ ಕತ್ತರಿ ಬಾಲದ ಒಂದು ಹಕ್ಕಿಯ ಚಿತ್ರ ಸಮುದ್ರತೀರದ ಪಾಠದಲ್ಲಿದೆ. ನಾನು ಸಮುದ್ರ ನೋಡಿದವಳಲ್ಲ. ಆದರೂ ಆ ಹಕ್ಕಿಯನ್ನು ಬಲ್ಲೆ. ಅರವತ್ತರ ದಶಕದ ಬೇಸಿಗೆಗಳಲ್ಲಿ ಸಿರುಗುಪ್ಪದ ಹತ್ತಿರದ ನಮ್ಮೂರಿಗೂ ಒಂದು ತೀರವಿತ್ತು. ತುಂಗಭದ್ರೆ ಇಳಿದು ಸಣ್ಣಗಾದರೆ ಕಣ್ಣು ಹಾಯುವಷ್ಟು ದೂರ ಬರೀ ಮರಳು.

ಆ ಮರಳು ಯಾರ ಹೆಸರಿನಲ್ಲೂ ಇರಲಿಲ್ಲ. ಯಾರು ಮೊದಲು ಜಾಲಿಮುಳ್ಳಿನ ಬೇಲಿ ಹಾಕಿ ಬೀಜ ಊರುತ್ತಾರೋ, ಮಳೆಗಾಲದವರೆಗೆ ಆ ತುಂಡು ಅವರದು. ಸಾವುಕಾರನೇ ಆದರೂ ಬೇಲಿ ದಾಟುವಂತಿರಲಿಲ್ಲ. ಅಪ್ಪ ಅಲ್ಲಿ ಕರಬೂಜ ಬೆಳೆಯುತ್ತಿದ್ದ. ಸಂಜೆಯಾದರೆ ಹೊಳೆಯೆಲ್ಲ ಹಣ್ಣಿನ ವಾಸನೆ. ನಾವು ಹುಡುಗಿಯರು ಪಾದದ ಮೇಲೆ ಒದ್ದೆ ಮರಳು ಬಡಿದು ಗೂಡು ಕಟ್ಟಿ ಆಡುತ್ತಿದ್ದೆವು.

ಹಾಗೆ ಆಡುವಾಗಲೇ ಮೊಟ್ಟೆ ಕಂಡಿದ್ದು. ಗೂಡಿಲ್ಲ, ಕಡ್ಡಿಯಿಲ್ಲ. ಮರಳಲ್ಲಿ ಒಂದು ತಗ್ಗು, ಅದರಲ್ಲಿ ಮರಳಿನದೇ ಬಣ್ಣದ ಚುಕ್ಕೆ ಮೊಟ್ಟೆಗಳು. ಸುತ್ತ ನೋಡಿದರೆ ಆ ಮರಳದಿಬ್ಬದ ತುಂಬ ಅವೇ. ಕಪ್ಪು ಟೊಪ್ಪಿಗೆ, ಹಳದಿ ಕೊಕ್ಕು, ಕತ್ತರಿಯಂಥ ಬಾಲದ ಹೊಳೆಹಕ್ಕಿಗಳು ನನ್ನ ತಲೆಯ ಮೇಲೆ ಚೀರಿ ಎರಗಿದವು.

ಮರುವಾರ ರೈಸ್ ಮಿಲ್ಲಿನ ಸಾವುಕಾರನ ಬಂಡಿಗಳು ಮರಳು ತುಂಬಲು ಬಂದವು. ದಿಬ್ಬದ ಅಂಚಿನಲ್ಲಿ ಹಾದುಹೋದ ಗಾಲಿಯ ಜಾಡಿನಲ್ಲಿ ಹಳದಿ ಲೋಳೆ ಅಂಟಿತ್ತು. ನಾಳೆ ದಿಬ್ಬವನ್ನೇ ತೆಗೆಯುತ್ತಾರಂತೆ ಎಂದು ಅಪ್ಪ ಉಣ್ಣುವಾಗ ಹೇಳಿದ.

ಸಾಲೆಯಲ್ಲಿ ಹಾಜರಿ ಕೂಗಿದರೂ ದನಿ ಹೊರಡದಷ್ಟು ಪುಕ್ಕಲಿ ನಾನು. ಆದರೂ ಮರುದಿನ ಬೆಳಕು ಹರಿಯುವ ಮೊದಲೇ ಎದ್ದು ಮುಳ್ಳು ಎಳೆದು ದಿಬ್ಬದ ಸುತ್ತ ಬೇಲಿ ಹಾಕಿದೆ. ಬೀಜವಿಲ್ಲದ ಬೇಲಿ ನಿಲ್ಲದು ಎಂದು ಗೊತ್ತಿತ್ತು. ಮೊಟ್ಟೆಗಳಿಲ್ಲದ ಒಂದು ಮೂಲೆಯಲ್ಲಿ ಕುಂಬಳದ ಬೀಜ ಊರಿದೆ. ಕೈಯೆಲ್ಲ ಗೀರಿ ರಕ್ತ.

ಸಾವುಕಾರ ತಾನೇ ಬಂದ. "ಯಾರದಲೇ ಈ ಬೇಲಿ?"

"ನಂದ್ರಿ."

"ಏನ್ ಬಿತ್ತೀದಿ?"

"ಕುಂಬಳ."

"ಇಷ್ಟು ಉಸುಕಿನಾಗ ಒಂದ್ ಮೂಲ್ಯಾಗ ಕುಂಬಳೇನು? ಉಳಿದದ್ದು?"

"ಅಲ್ಲಿ ಹಕ್ಕಿ ಬಿತ್ಯಾವ್ರಿ."

ಸಾವುಕಾರ ನಕ್ಕು ಬಂಡಿ ಹೊಡೆಯುವ ಹುಸೇನಪ್ಪನ ಕಡೆ ತಿರುಗಿದ. "ಮುಳ್ಳು ಸರಿಸಿ ಎತ್ತು ಬಿಡು ಒಳಗ."

ಹುಸೇನಪ್ಪ ಕೆಳಗಿಳಿಯಲಿಲ್ಲ. ಅವನದೂ ಆಚೆ ಒಂದು ಕರಬೂಜದ ತುಂಡಿತ್ತು. "ಬೇಲಿ ಬಿದ್ದೈತ್ರಿ ಸಾವ್ಕಾರ್ರ. ಈ ಹುಡಿಗಿ ಬೇಲಿ ಇವತ್ತು ಕಿತ್ತರ, ನಾಳಿ ನನ್ ಬೇಲಿ ಯಾರ್ ಕೇಳ್ತಾರ್ರಿ? ನೀವ ಕೀಳ್ರಿ ಬೇಕಾದ್ರ."

ಸಾವುಕಾರ ಬಿಳಿ ಧೋತರ ನೋಡಿಕೊಂಡ, ಮುಳ್ಳು ನೋಡಿದ, ಅಲ್ಲಿಂದ ಸೀದಾ ಅಪ್ಪನ ಬಳಿಗೆ ಹೋದ. "ನಿನ್ ಮಗಳಿಗೆ ಬುದ್ಧಿ ಹೇಳ್. ಇಲ್ಲಾಂದ್ರ ನಿನ್ ಕರಬೂಜ ನನ್ ಬಂಡ್ಯಾಗ ಬಳ್ಳಾರಿಗೆ ಹೋಗಂಗಿಲ್ಲ."

ಹಿಂದೆಯೇ ಓಡಿ ಬಂದ ನನಗೂ ಅದು ಕೇಳಿಸಿತು. ಹಣ್ಣು ಕೊಳೆತರೆ ಆ ವರ್ಷ ಮನೆಯಲ್ಲಿ ಉಣ್ಣಲು ಏನಿತ್ತು? ಅಪ್ಪ ನನ್ನ ಕೈಯ ಗೀರುಗಳನ್ನು ನೋಡಿದ.

"ಬೇಲಿ ಹಾಕಿದೋರದು ಉಸುಕು, ಸಾವ್ಕಾರ್ರ. ಅದು ನನ್ ಕೈಯಾಗಿಲ್ರಿ."

ಆ ಬೇಸಿಗೆ ಕರಬೂಜವನ್ನು ನಾವು ತಲೆಯ ಮೇಲೆ ಹೊತ್ತು ಸಿರುಗುಪ್ಪದ ಸಂತೆಗೆ ಒಯ್ದೆವು. ಅರ್ಧ ಹಣ್ಣು ಕೊಳೆಯಿತು. "ನಿನ್ ಹಕ್ಕಿ ಒಂದ್ ಬುಟ್ಟಿ ಹೊರ್ತಾವೇನ್ ಕೇಳು" ಎಂದು ಅವ್ವ ದಾರಿಯುದ್ದಕ್ಕೂ ಬೈದಳು. ಆದರೆ ಹೊಳೆಗೆ ಹೊಸ ನೀರು ಬರುವಷ್ಟರಲ್ಲಿ ಮರಿಗಳೆಲ್ಲ ಹಾರಿದ್ದವು. ಮುಂದಿನ ವರ್ಷದಿಂದ ಊರವರು ಆ ದಿಬ್ಬಕ್ಕೆ ಬಂಡಿ ತರಲಿಲ್ಲ. ಬೇಲಿಯನ್ನು ನಾನು ಮದುವೆಯಾಗುವವರೆಗೂ ಹಾಕಿದೆ.

ಈಗ ಅಲ್ಲಿ ಬೇಲಿ ಹಾಕಲು ಮರಳೇ ಇಲ್ಲ. ಯಂತ್ರಗಳು ತೋಡಿದ ಗುಂಡಿಗಳು, ಅವುಗಳಲ್ಲಿ ಪಾಚಿ ನೀರು. ಕಳೆದ ಬೇಸಿಗೆ ಹೋದಾಗ ಒಂದೇ ಜೋಡಿ ಹಕ್ಕಿ ಸುತ್ತುತ್ತಿತ್ತು. ಇಳಿಯಲು ಜಾಗ ಸಿಗಲಿಲ್ಲ.

ಬಳ್ಳಾರಿಯ ಪಾರ್ವತಿನಗರದ ನಮ್ಮ ಮನೆಗೆ ನಿಮ್ಮಪ್ಪ ಮಹಡಿ ಕಟ್ಟಿಸುವಾಗ ಲಾರಿಯಲ್ಲಿ ಮರಳು ಬಂತು. ಎಲ್ಲಿಯದು ಎಂದು ಕೇಳಿದೆ. ಡ್ರೈವರು ನಮ್ಮೂರ ಹೆಸರು ಹೇಳಿದ. ಹಿಂದಕ್ಕೆ ಕಳಿಸು ಎಂದು ನಿಮ್ಮಪ್ಪನಿಗೆ ಹೇಳಿದೆ. ಯಾರೂ ಕೇಳಲಿಲ್ಲ. ಮಹಡಿ ಅದೇ ಮರಳಲ್ಲಿ ಎದ್ದಿತು.

ಮಹಡಿಯ ಮೇಲಿನ ಗಾಳಿ ಚೆನ್ನಾಗಿದೆ, ಬಾ ಅಜ್ಜಿ ಎಂದು ನೀವು ದಿನಾ ಕರೆಯುತ್ತೀರಿ. ಅಜ್ಜಿಗೆ ಮೊಣಕಾಲು ನೋವು ಎಂದು ನೀವೇ ಅಂದುಕೊಂಡಿದ್ದೀರಿ.

ನನ್ನ ಮೊಣಕಾಲಿಗೆ ಏನೂ ಆಗಿಲ್ಲ.